ಪ್ಯಾಸಿವ್ ಪ್ರೀಆಂಪ್ ಸಾಕಾ? ನಾನು ಹೋಲಿಸಿ ನೋಡಿದ್ದು

ನನ್ನ ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ. ಸ್ಪೀಕರ್ ಓಡಿಸುವ ಪವರ್ ಆಂಪ್‌ನಿಂದ ಪೂರ್ತಿ ಸದ್ದು ಬರಲು ಒಂದೂವರೆ ವೋಲ್ಟ್ ಸಾಕು. ಹಾಗಿದ್ದ ಮೇಲೆ ನಡುವೆ ಇನ್ನಷ್ಟು ಗೇನ್ (ಸಿಗ್ನಲ್ ಹಿಗ್ಗಿಸುವುದು) ಯಾಕೆ ಬೇಕು, ಅಲ್ವಾ? ಪ್ಲೇಯರ್‌ಗೂ ಪವರ್ ಆಂಪ್‌ಗೂ ನಡುವೆ ಕೂತು ಸೋರ್ಸ್ ಆರಿಸುವ, ಸದ್ದು ಹೊಂದಿಸುವ ಪೆಟ್ಟಿಗೆಯೇ ಪ್ರೀಆಂಪ್. ಅದಕ್ಕೇ ಗೇನ್ ಇಲ್ಲದ ಒಂದು ಪ್ಯಾಸಿವ್ ಪ್ರೀಆಂಪ್ ಕಟ್ಟಿ, ಮೊದಲಿನಿಂದ ಇದ್ದ, ಗೇನ್ ಕೊಡುವ ಆಕ್ಟಿವ್ ಜೊತೆ ಹೋಲಿಸಿದೆ. ಪ್ಯಾಸಿವ್ ಒಳಗಿರುವುದು ಸೆಲೆಕ್ಟರ್ ಸ್ವಿಚ್, 10 ಕಿಲೋಓಮ್ ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿದರೆ ಬದಲಾಗುವ ರೆಸಿಸ್ಟರ್), ಸಾಕೆಟ್‌ಗಳು, ಅಷ್ಟೇ. ಕರೆಂಟೇ ಬೇಡ.

ಕೇಳುವ ಮೊದಲು ಎರಡರ ಸದ್ದನ್ನೂ ಸಮ ಮಾಡಿಕೊಳ್ಳಲೇಬೇಕು. ಒಂಚೂರು ಜೋರಿದ್ದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. 400 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಎರಡರಲ್ಲೂ 1 ವೋಲ್ಟ್ ಬರುವ ಹಾಗೆ ಇಟ್ಟೆ. ಶೇಕಡ 1ರಷ್ಟು ಹೆಚ್ಚುಕಡಿಮೆ ಆದರೂ ಅದು 0.1 ಡೆಸಿಬೆಲ್‌ಗಿಂತ ಕಡಿಮೆ.

ಅರ್ಧ ಮೀಟರ್ ಕೇಬಲ್‌ನಲ್ಲಿ ಹಾಡು ಓಡುವಾಗ ನನಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಹಾಡು ನಿಂತಾಗ ಗೊತ್ತಾಯಿತು. ಆಕ್ಟಿವ್ ಇದ್ದಾಗ ಟ್ವೀಟರ್‌ಗೆ (ಚೂಪು ಸದ್ದಿನ ಸಣ್ಣ ಸ್ಪೀಕರ್) ಕಿವಿ ಕೊಟ್ಟರೆ ಸಣ್ಣಗೆ ‘ಸ್ಸ್’ ಎನ್ನುತ್ತಿತ್ತು. ಪ್ಯಾಸಿವ್‌ನಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ರಾತ್ರಿ ಮೆಲ್ಲಗೆ ಕೇಳುವಾಗ ಇನ್ನೊಂದು ಲಾಭ ಸಿಕ್ಕಿತು. ಆಕ್ಟಿವ್‌ನಲ್ಲಿ ಗೇನ್ ಜಾಸ್ತಿ, ಹಾಗಾಗಿ ನಾಬ್ ಶುರುವಿನಲ್ಲೇ ನಿಲ್ಲುತ್ತದೆ. ಅಲ್ಲಿ ಪಾಟ್‌ನ ಎಡ ಬಲ ಸರಿ ಹೊಂದದೆ, ಹಾಡುವವರ ದನಿ ಎಡಕ್ಕೆ ವಾಲುತ್ತಿತ್ತು. ಪ್ಯಾಸಿವ್‌ನಲ್ಲಿ ನಾಬ್ ಇನ್ನೂ ಮೇಲಕ್ಕೆ ತಿರುಗುತ್ತದೆ, ದನಿ ನಡುವೆ ನಿಲ್ಲುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ತೊಂದರೆ ಶುರುವಾಗಿದ್ದು ಟ್ಯೂಬ್ ಟ್ಯೂನರ್ (ವಾಲ್ವ್‌ಗಳ ರೇಡಿಯೋ) ಜೋಡಿಸಿದಾಗ. ಅದಕ್ಕೆ 10 ಕಿಲೋಓಮ್ ಲೋಡ್ ಭಾರವಾಗುತ್ತದೆ, ಹಾಗಾಗಿ 50 ಕಿಲೋಓಮ್ ಪಾಟ್ ಹಾಕಿದೆ. ಪವರ್ ಆಂಪನ್ನು ಸ್ಪೀಕರ್ ಪಕ್ಕಕ್ಕಿಟ್ಟು 5 ಮೀಟರ್ ಕೇಬಲ್ ಎಳೆದೆ. ಈಗ ಲೆಕ್ಕ ನೋಡಿ. ವೋಲ್ಟೇಜ್ ಅರ್ಧಕ್ಕಿಳಿಯುವ ಜಾಗದಲ್ಲಿ ಪಾಟ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ ಹೊರಬರುವಾಗ ಎದುರಾಗುವ ತಡೆ) ಅದರ ಓಮ್ ಬೆಲೆಯ ಕಾಲು ಭಾಗ, ಅಂದರೆ 12.5 ಕಿಲೋಓಮ್. ಸೋರ್ಸ್‌ನದ್ದು ಸೇರಿದರೆ ಇನ್ನೂ ಜಾಸ್ತಿ. ಕೇಬಲ್‌ನ ಕೆಪಾಸಿಟೆನ್ಸ್ (ಚೂಪು ಸದ್ದನ್ನು ಸೋರಿಸುವ ಗುಣ) ಮೀಟರ್‌ಗೆ 100 ಪಿಕೋಫ್ಯಾರಡ್ ಇದ್ದರೆ ಒಟ್ಟು 500. ಎರಡೂ ಸೇರಿ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ತಿಂದುಹಾಕುತ್ತವೆ. ಸಿಂಬಲ್‌ನ ಹೊಳಪು ಸ್ವಲ್ಪ ಮಂಕಾದದ್ದು ನನಗೆ ಕೇಳಿಸಿತು. ಅದೇ ಕೇಬಲ್‌ಗೆ 10 ಕಿಲೋಓಮ್ ಪಾಟ್ ಆಗಿದ್ದರೆ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಈಗ ಪಾಟ್ ಆದ ಮೇಲೆ ಒಂದು ಬಫರ್ (ಔಟ್‌ಪುಟ್ ಇಂಪೀಡೆನ್ಸ್ ಇಳಿಸುವ ಸರ್ಕ್ಯೂಟ್) ಹಾಕಿದ್ದೇನೆ. ಗೇನ್ ಇಲ್ಲ, ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಮಾತ್ರ. ಸಿಂಬಲ್ ಮತ್ತೆ ಮೊದಲಿನಂತಾಯಿತು. ಫೋನೋ ಸ್ಟೇಜ್ (ರೆಕಾರ್ಡ್ ಪ್ಲೇಯರ್‌ನ ಸಿಗ್ನಲ್ ಹಿಗ್ಗಿಸುವ ಭಾಗ) ಮಾತ್ರ 0.3 ವೋಲ್ಟ್ ಆಸುಪಾಸು ಕೊಡುವುದರಿಂದ, ರೆಕಾರ್ಡ್ ಹಾಕುವಾಗ ಈಗಲೂ ಆಕ್ಟಿವನ್ನೇ ಜೋಡಿಸುತ್ತೇನೆ.