ಹದಿಮೂರರ ಲೆಕ್ಕ

ನನಗೆ ಬ್ರಿಡ್ಜ್ ಅನ್ನುವ ಇಸ್ಪೀಟಾಟ ಕಲಿಸಿದ್ದು ಚಿಕ್ಕಪ್ಪ. ಪ್ರತಿ ಭಾನುವಾರ ಮಂಡ್ಯದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿಗೆ ಬರುತ್ತಿದ್ದೆ. ಸರಸ್ವತಿಪುರಂನ ಅವರ ಮನೆಯ ಹಜಾರದಲ್ಲಿ ಚಾಪೆ ಹಾಸಿ ನಾಲ್ಕು ಜನ ಕೂರುತ್ತಿದ್ದೆವು. ಅಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಇಸ್ಪೀಟಾಡಿ ಯಾರೂ ಉದ್ಧಾರ ಆಗಿಲ್ಲ" ಅನ್ನುತ್ತಿದ್ದರು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್, 56 ವರ್ಷದ ಶಿಬ್‌ನಾಥ್ ಸರ್ಕಾರ್ ಬ್ರಿಡ್ಜ್ ಪುರುಷರ ಜೋಡಿಯಲ್ಲಿ ಚಿನ್ನ ಗೆದ್ದರಲ್ಲ, ಆ ಸುದ್ದಿ ಬಂದಿದ್ದ ಪೇಪರನ್ನು ನನಗಾಗಿ ಎತ್ತಿಟ್ಟವರು ಅಮ್ಮನೇ.

ಮೊದಲೆರಡು ವರ್ಷ ನಾನು ನನ್ನ ಕೈಯಲ್ಲಿರುವ ಎಲೆ ಮಾತ್ರ ನೋಡುತ್ತಿದ್ದೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಪಾಯಿಂಟ್ ಜಾಸ್ತಿ ಬಂದರೆ ಖುಷಿ, ಬರದಿದ್ದರೆ ಬೇಜಾರು. ಸ್ಪರ್ಧೆಗೆ ಹೋದ ಮೇಲೆ ಆ ಬೇಜಾರಿಗೆ ಅರ್ಥವೇ ಇಲ್ಲ ಅಂತ ಗೊತ್ತಾಯಿತು. ಅಲ್ಲಿ ಒಂದು ಟೇಬಲ್‌ನಲ್ಲಿ ಆಡಿದ ಎಲೆಗಳೇ ಹಾಗೇ ಮುಂದಿನ ಟೇಬಲ್‌ಗೆ ಹೋಗುತ್ತವೆ. ಅದೇ ಎಲೆ ಹಿಡಿದು ಬೇರೆಯವರು ಎಷ್ಟು ಮಾಡಿದರು, ನೀವು ಎಷ್ಟು ಮಾಡಿದಿರಿ ಅನ್ನುವುದಷ್ಟೇ ಲೆಕ್ಕ. ಅದೃಷ್ಟವನ್ನು ಬೈಯುವ ಹಾಗೇ ಇಲ್ಲ.

ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ಎದುರಾಳಿ ಎಲೆ ಎಣಿಸು. ಪ್ರತಿಯೊಬ್ಬರ ಕೈಯಲ್ಲೂ ಹದಿಮೂರೇ ಇರೋದು." ಕೇಳೋಕೆ ಸುಲಭ, ಅಲ್ವಾ? ಅದು ನನಗೆ ರೂಢಿಯಾಗಲು ಮೂರು ವರ್ಷ ಹಿಡಿಯಿತು. ರೈಲಿನಲ್ಲಿ ಕೂತು ಸುಮ್ನೆ 5-4-3-1, 6-3-2-2 ಅಂತ, ಒಂದು ಕೈಯಲ್ಲಿ ನಾಲ್ಕು ಜಾತಿಯ ಎಲೆ ಎಷ್ಟೆಷ್ಟು ಇರಬಹುದು ಅನ್ನುವುದನ್ನು, ಬಾಯಿಪಾಠ ಮಾಡುತ್ತಿದ್ದೆ. ಮೊತ್ತ ಹದಿಮೂರಾಗುವ ಜೋಡಣೆಗಳು ತಲೆಯಲ್ಲಿ ಕೂತರೆ ಆಟದ ಮಧ್ಯೆ ಕೂಡಿಸುತ್ತಾ ಕೂರಬೇಕಾಗಿಲ್ಲ.

ನಾವು ರಾಜ್ಯಮಟ್ಟದ ಜೋಡಿ ಸ್ಪರ್ಧೆ ಗೆದ್ದ ದಿನದ ಒಂದು ಆಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಸ್ಪೇಟು ತುರುಪು, ಅಂದರೆ ಬೇರೆ ಜಾತಿಯ ಎಲೆಗಳನ್ನೆಲ್ಲ ಹೊಡೆಯುವ ಜಾತಿ. ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತೇ ಟ್ರಿಕ್; ಹದಿಮೂರರಲ್ಲಿ ನಾನು ಹತ್ತು ಟ್ರಿಕ್ ಮಾಡಬೇಕು. ಮೂರು ಆಗಲೇ ಎದುರಾಳಿಗಳಿಗೆ ಹೋಗಿದ್ದವು. ಕೈಯಲ್ಲಿ ಉಳಿದಿದ್ದು ನಾಲ್ಕು ಎಲೆ: ಒಂದು ತುರುಪು, ಡೈಮಂಡ್ ಎಕ್ಕ, ಗುಲಾಮ, ಒಂದು ಸಣ್ಣದು. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ, ನಾನೇ ಆಡಿಸುವ ಜೊತೆಗಾರನ ಎಲೆಗಳಲ್ಲಿ, ಡೈಮಂಡ್ ರಾಜ, ಹತ್ತು, ಇನ್ನೊಂದು ಸಣ್ಣದು. ರಾಣಿ ಯಾರ ಹತ್ತಿರ? ಯಾವ ಕಡೆಯಿಂದ ಬೇಕಾದರೂ ಹಿಡಿಯಬಹುದಿತ್ತು, ತಪ್ಪಿದರೆ ಆಟ ಹೋಯಿತು.

ಎಣಿಸಿದೆ. ಎಡಗಡೆಯವರು ಹಾಕಿದ್ದು ಎರಡು ಇಸ್ಪೇಟು. ಆಟೀನು ಮೂರನೇ ಸುತ್ತಿಗೆ ಬಲಗಡೆಯವರ ಹತ್ತಿರ ಖಾಲಿ, ಅಂದರೆ ಎಡಗಡೆ ಆರು. ಕಳಾವರ್ ನಾಲ್ಕನೇ ಸುತ್ತಿಗೆ ಎಡಗಡೆಯವರು ಬೇರೆ ಎಲೆ ಬಿಟ್ಟರು, ಅಂದರೆ ಮೂರು. ಎರಡು, ಆರು, ಮೂರು ಸೇರಿ ಹನ್ನೊಂದು. ಹಾಗಾದರೆ ಅವರ ಹತ್ತಿರ ಮೊದಲಿಂದ ಇದ್ದಿದ್ದು ಎರಡೇ ಡೈಮಂಡ್. ಬಲಗಡೆ ಐದು. ರಾಣಿ ಬಲಗಡೆ ಇರುವ ಸಾಧ್ಯತೆ ಏಳರಲ್ಲಿ ಐದು. ಖಾತ್ರಿಯೇನಲ್ಲ, ಆದರೆ ಕಣ್ಣು ಮುಚ್ಚಿ ಆಡೋದಕ್ಕಿಂತ ಎಷ್ಟೋ ವಾಸಿ.

ಡಮ್ಮಿಯ ರಾಜ ಹಾಕಿದೆ. ಆಮೇಲೆ ಹತ್ತು. ಬಲಗಡೆಯವರು ಸಣ್ಣದು ಹಾಕಿದರು. ನಾನು ಗುಲಾಮ ಹಾಕಿದೆ. ಎಡಗಡೆಯವರ ಕೈ ಎಲೆಗಳ ಮೇಲೆ ಒಂದು ಕ್ಷಣ ನಿಂತಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬಿದ್ದಿದ್ದು ಡೈಮಂಡ್ ಎಂಟು.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಗೆದ್ದ ಸುದ್ದಿ ಹೇಳಿ, ಆ ಆಟವನ್ನು ಎಲೆ ಎಲೆಯಾಗಿ ಹೇಳತೊಡಗಿದೆ. ಅವರು ಮಧ್ಯದಲ್ಲೇ ತಡೆದು ಕೇಳಿದರು, "ಎಡಗಡೆಯವರ ಹತ್ರ ಕಳಾವರ್ ಎಷ್ಟಿತ್ತು?"

"ಮೂರು, ಚಿಕ್ಕಪ್ಪ."

"ಹ್ಞಾಂ. ಸರಿ, ಮುಂದೆ ಹೇಳು."