ಸ್ಲ್ಯಾಶ್ ಟ್ರಕ್ಕಿನ ಡಿಫ್ ಮತ್ತು ಶಾಕ್: ಎಣ್ಣೆಯಿಂದ ಹದ ಮಾಡಿದ ನನ್ನ ಅನುಭವ

ಆರ್‌ಸಿ (ರಿಮೋಟಿನಿಂದ ಓಡಿಸುವ) ಟ್ರಕ್ ಕೊಂಡ ಹೊಸದರಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮೋಟಾರಿನ ಮೇಲೆ, ಆಮೇಲೆ ಹೊಳೆಯುವ ಅಲ್ಯೂಮಿನಿಯಂ ಭಾಗಗಳ ಮೇಲೆ. ನನ್ನ ಮಾತು ಕೇಳುವುದಾದರೆ ಆ ದುಡ್ಡನ್ನು ಸದ್ಯಕ್ಕೆ ಹಾಗೇ ಇಟ್ಟುಕೊಳ್ಳಿ, ನಾಲ್ಕೈದು ಬಾಟಲಿ ಸಿಲಿಕೋನ್ ಆಯಿಲ್ ತನ್ನಿ. ನನ್ನ ಟ್ರಕ್ ನೆಲ ಕಚ್ಚಿ ಓಡತೊಡಗಿದ್ದು ಡಿಫರೆನ್ಷಿಯಲ್ (ಚಿಕ್ಕದಾಗಿ ಡಿಫ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಗಿಯರ್ ಪೆಟ್ಟಿಗೆ) ಮತ್ತು ನೆಲದ ಪೆಟ್ಟು ಹೀರುವ ಶಾಕ್‌ಗಳ ಒಳಗಿನ ಎಣ್ಣೆ ಬದಲಿಸಿದ ಮೇಲೆಯೇ.

ನನ್ನದು ಟ್ರ್ಯಾಕ್ಸಸ್ ಸ್ಲ್ಯಾಶ್ 4×4, 1/10 ಅಳತೆಯ ಶಾರ್ಟ್ ಕೋರ್ಸ್ ಟ್ರಕ್, ಸೆಕೆಂಡ್ ಹ್ಯಾಂಡ್. ಓಡಿಸುವುದು ಬೆಂಗಳೂರಿನ ಹೊರವಲಯದಲ್ಲಿ, ಬಡಾವಣೆಗೆಂದು ಮಟ್ಟ ಮಾಡಿ ಬಿಟ್ಟ ಕೆಮ್ಮಣ್ಣಿನ ನೆಲದ ಮೇಲೆ. ಬೇಸಿಗೆಯಲ್ಲಿ ಅಲ್ಲಿ ಮೇಲೆ ಹಿಟ್ಟಿನಂಥ ಧೂಳು, ಅದರಡಿ ಗಟ್ಟಿ ನೆಲ. ಮಳೆ ಬಿದ್ದ ಮಾರನೆಯ ದಿನ ಅದೇ ನೆಲ ಟೈರನ್ನು ಹಿಡಿದೆಳೆಯುತ್ತದೆ. ಯಾರದೋ ಸೆಟಪ್‌ ಶೀಟಿನ (ಯಾವ ಎಣ್ಣೆ, ಯಾವ ಸ್ಪ್ರಿಂಗ್ ಎಂದು ಬರೆದಿಟ್ಟ ಪಟ್ಟಿಯ) ಅಂಕಿಗಳನ್ನು ಹಾಗೇ ಇಳಿಸಿಕೊಂಡರೆ ಇಂಥ ನೆಲದಲ್ಲಿ ಕೆಲಸಕ್ಕೆ ಬರುವುದಿಲ್ಲ, ನಮ್ಮ ನೆಲದ ಮೇಲೇ ಓಡಿಸಿ ನೋಡಬೇಕು.

ಟ್ರಕ್ ಕೈಗೆ ಬಂದಾಗ ಅದರ ತೊಂದರೆ ಇಷ್ಟು: ತಿರುವಿನಲ್ಲಿ ಥ್ರಾಟಲ್ ಒತ್ತಿದರೆ ಒಳಗಡೆಯ ಮುಂಚಕ್ರ ಹಗುರಾಗಿ ಗಿರ್ರನೆ ತಿರುಗುತ್ತಿತ್ತು, ಗಾಡಿ ಮಾತ್ರ ಮೂತಿ ಹೊರಗೆ ಮಾಡಿಕೊಂಡು ಜಾರುತ್ತಿತ್ತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು, ಅದಕ್ಕೆ ಅವಕಾಶ ಮಾಡಿಕೊಡುವುದೇ ಡಿಫ್. ಆದರೆ ಅದು ಎರಡೂ ಕಡೆಗೆ ಹಂಚುವುದು ಸಮ ಬಲವನ್ನು. ಒಂದು ಚಕ್ರ ಗಾಳಿಯಲ್ಲಿ ತಡೆಯೇ ಇಲ್ಲದೆ ಸುತ್ತುತ್ತಿದ್ದರೆ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಡಿಫ್ ಒಳಗಿನ ಪುಟ್ಟ ಗಿಯರ್‌ಗಳು ಮಂದ ಎಣ್ಣೆಯಲ್ಲಿ ಮುಳುಗಿದ್ದರೆ ಅವು ಸಲೀಸಾಗಿ ತಿರುಗಲಾರವು. ಆ ತಡೆಯೇ ನೆಲದ ಮೇಲಿನ ಚಕ್ರಕ್ಕೆ ಬಲವಾಗಿ ಸಿಗುತ್ತದೆ.

ಬಲ್ಕ್‌ಹೆಡ್ (ಡಿಫ್ ಕೂತಿರುವ ಗೂಡು) ಬಿಚ್ಚಿ ಮುಂದಿನ ಡಿಫ್ ತೆಗೆದೆ. ಡಿಫ್‌ಗೆ ಮುಚ್ಚಳದಂತಿರುವ ದೊಡ್ಡ ರಿಂಗ್ ಗಿಯರಿನ ಸ್ಕ್ರೂ ಬಿಚ್ಚಿದರೆ ಒಳಗೆ ಎಣ್ಣೆಯೇ ಇಲ್ಲ. ಎಂದೋ ಸೋರಿಹೋಗಿ ತಳದಲ್ಲಿ ಬೂದು ಬಣ್ಣದ ಕೊಳೆ ಉಳಿದಿತ್ತು. ಆ ಬೂದು ಬಣ್ಣ ಸವೆದ ಲೋಹದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಟೂತ್‌ಬ್ರಶ್ ಹಿಡಿದು ಪ್ರತಿ ಗಿಯರಿನ ಹಲ್ಲನ್ನೂ ತೊಳೆದೆ. ಚಕ್ರದ ಕಡೆಗೆ ಹೋಗುವ ಔಟ್‌ಪುಟ್ ಶಾಫ್ಟಿನ ಸೀಲುಗಳನ್ನು ಹೊಸದು ಹಾಕಿ, ಅವಕ್ಕೆ ಒಂದು ಹನಿ ಎಣ್ಣೆ ಸವರಿ ಕೂರಿಸಿದೆ. ಒಣ ಸೀಲಿನೊಳಗೆ ಶಾಫ್ಟ್ ತೂರಿಸಿದರೆ ಅಂಚು ಹರಿದು ಮತ್ತೆ ಸೋರಿಕೆ ಶುರು.

ಡಿಫ್ ಆಯಿಲನ್ನು ಸೆಂಟಿಸ್ಟೋಕ್ ಲೆಕ್ಕದಲ್ಲಿ ಮಾರುತ್ತಾರೆ. ಅದು ಎಣ್ಣೆಯ ಮಂದತನದ ಅಳತೆ, ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ. 1,000ದಿಂದ 5,00,000ದವರೆಗೂ ಸಿಗುತ್ತದೆ. 10,000ದ ಬಾಟಲಿ ಬಗ್ಗಿಸಿದರೆ ಎಣ್ಣೆ ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ತುಂಬುವಾಗ ಅವಸರ ಮಾಡಲೇಬಾರದು. ಸ್ವಲ್ಪ ಸುರಿಯುವುದು, ಗಿಯರನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುವುದು, ಅಡಿಯಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಮೇಲೆ ಬಂದು ಒಡೆಯುವವರೆಗೆ ಕಾಯುವುದು, ಮತ್ತೆ ಸುರಿಯುವುದು. ಮಂದ ಎಣ್ಣೆಯಾದರೆ ಮುಚ್ಚಳ ಹಾಕದೆ ಮೇಲೊಂದು ಲೋಟ ಕವುಚಿ ರಾತ್ರಿಯಿಡೀ ಬಿಟ್ಟುಬಿಡುತ್ತೇನೆ. ಎಣ್ಣೆಯ ಮಟ್ಟ ಸ್ಪೈಡರ್ ಗಿಯರ್‌ಗಳನ್ನು (ಒಳಗಿನ ಆ ಪುಟ್ಟ ಗಿಯರ್‌ಗಳನ್ನು) ಮುಚ್ಚಬೇಕು, ಅಂಚಿನವರೆಗೆ ಬರಬಾರದು. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಸೀಲನ್ನೇ ತಳ್ಳಿಕೊಂಡು ಹೊರಬರುತ್ತದೆ. ಕಣ್ಣಂದಾಜು ಪ್ರತಿ ಸಲ ಬೇರೆಯಾಗುವುದರಿಂದ ಡಿಫನ್ನು ಸಣ್ಣ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತೂಕ ನೋಡಿ ಬರೆದಿಡುತ್ತೇನೆ. ಮುಂದಿನ ಸಲ ಅಷ್ಟೇ ತೂಕಕ್ಕೆ ತುಂಬಿದರೆ ಹೋಲಿಕೆಗೆ ಅರ್ಥವಿರುತ್ತದೆ. ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲವಾದರೆ ಗ್ಯಾಸ್ಕೆಟ್ ಒಂದು ಕಡೆ ಎದ್ದು ಅಲ್ಲೇ ಎಣ್ಣೆ ಜಿನುಗುತ್ತದೆ.

ಡಿಫ್ ಹೊರಗಿರುವಾಗಲೇ ಶಿಮ್ (ಸಡಿಲ ತುಂಬಲು ಹಾಕುವ ತೆಳು ಬಳೆ) ನೋಡಿಬಿಡುವುದು ಒಳ್ಳೆಯದು. ರಿಂಗ್ ಗಿಯರ್ ಮತ್ತು ಅದನ್ನು ತಿರುಗಿಸುವ ಸಣ್ಣ ಗಿಯರ್ ಪಿನಿಯನ್ ನಡುವೆ ಸಡಿಲ ಜಾಸ್ತಿಯಿದ್ದರೆ ಜಂಪ್ ಮುಗಿಸಿ ಥ್ರಾಟಲಿನಲ್ಲೇ ಇಳಿಯುವಾಗ ಹಲ್ಲು ಜಿಗಿದು ಸವೆಯುತ್ತದೆ. ಬೇರಿಂಗ್ ಹಿಂದೆ ತೆಳ್ಳಗಿನ ಶಿಮ್ ಹಾಕಿ, ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಬಿಗಿಯದೆ, ಕೂದಲೆಳೆಯಷ್ಟು ಮಾತ್ರ ಆಟವಿರುವಂತೆ ಮಾಡಿಕೊಂಡೆ.

ಮುಂದಿನ, ಹಿಂದಿನ ಎರಡೂ ಡಿಫ್‌ಗೆ 10,000 ತುಂಬಿ ಶುರುಮಾಡಿದೆ. ಚಕ್ರ ಗಿರ್ರನೆ ಸುತ್ತುವುದು ಕಡಿಮೆಯಾಯಿತು. ಮುಂದಕ್ಕೆ 20,000 ಹಾಕಿದಾಗ ತಿರುವಿನಿಂದ ಹೊರಬರುವಾಗ ಮುಂಚಕ್ರಗಳು ಗಾಡಿಯನ್ನು ಎಳೆದುಕೊಂಡು ಹೋಗತೊಡಗಿದವು. ಬದಲಿಗೆ ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಮೂತಿ ತುಸು ತಡವಾಗಿ ತಿರುಗುತ್ತದೆ, ಅದು ನನಗೆ ಒಪ್ಪಿಗೆ. ಹಿಂದಕ್ಕೆ 30,000 ಹಾಕಿ ನೋಡಿದೆ. ನೇರ ಓಟದಲ್ಲಿ ಚೆನ್ನಾಗಿತ್ತು, ಧೂಳಿನ ತಿರುವಿನಲ್ಲಿ ಮಾತ್ರ ಎರಡೂ ಹಿಂಚಕ್ರಗಳು ಒಟ್ಟಿಗೆ ಹಿಡಿತ ಬಿಟ್ಟು ಬಾಲ ಬೀಸುತ್ತಿತ್ತು. ಹಿಂದೆ 10,000ಕ್ಕೇ ಮರಳಿದೆ. ಮುಂದೆ 20, ಹಿಂದೆ 10, ಈಗಲೂ ಅದೇ ಇದೆ.

ಡಿಫನ್ನು ಪೂರ್ತಿ ಲಾಕ್ ಮಾಡಿ, ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಮಾಡಿಬಿಡಿ ಎನ್ನುವವರಿದ್ದಾರೆ. ಬಂಡೆ ಹತ್ತುವ ಕ್ರಾಲರ್‌ಗೆ ಅದು ಸರಿ. ಟ್ರ್ಯಾಕ್ಸಸ್ ಟಿಆರ್‌ಎಕ್ಸ್-4ರಲ್ಲಿ ರಿಮೋಟಿನಿಂದಲೇ ಲಾಕ್ ಮಾಡುವ ಸೌಲಭ್ಯವಿದೆ. ವೇಗವಾಗಿ ಓಡುವ ಟ್ರಕ್ಕಿನಲ್ಲಿ ಲಾಕ್ ಮಾಡಿದರೆ ತಿರುವಿನಲ್ಲಿ ಟೈರನ್ನು ನೆಲಕ್ಕೆ ಉಜ್ಜಿ, ಡ್ರೈವ್‌ಶಾಫ್ಟನ್ನು ತಿರುಚಿದಂತೆಯೇ.

ಡಿಫ್ ಹದಕ್ಕೆ ಬಂದ ಮೇಲೆಯೇ ಶಾಕ್‌ಗೆ ಕೈ ಹಾಕಿದ್ದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಶಾಕ್ ಆಯಿಲ್ ಬಾಟಲಿಯ ಮೇಲೆ ಕೆಲವರು 30 ವೆಯ್ಟ್ (ಮಂದತನದ ಇನ್ನೊಂದು ಅಳತೆ) ಎಂದು ಬರೆಯುತ್ತಾರೆ, ಕೆಲವರು ಸೆಂಟಿಸ್ಟೋಕ್ ಬರೆಯುತ್ತಾರೆ. ಒಂದು ಕಂಪನಿಯ 30 ವೆಯ್ಟ್ ಇನ್ನೊಂದರದ್ದಕ್ಕೆ ಸರಿಹೊಂದುವುದಿಲ್ಲ. ಸುಮಾರಾಗಿ 30 ವೆಯ್ಟ್ ಅಂದರೆ 350 ಸೆಂಟಿಸ್ಟೋಕ್, 40 ಅಂದರೆ 500. ನಾನು ಸೆಂಟಿಸ್ಟೋಕ್ ಒಂದನ್ನೇ ನಂಬುತ್ತೇನೆ.

ಶಾಕ್ ತುಂಬುವುದು ಹೀಗೆ: ಪಿಸ್ಟನ್ ಕೆಳಗೆಳೆದು ಎಣ್ಣೆ ಸುರಿದು, ರಾಡನ್ನು ನಿಧಾನ ಮೇಲೆ ಕೆಳಗೆ ಆಡಿಸಬೇಕು. ಪಿಸ್ಟನ್ ಎಣ್ಣೆಯಿಂದ ಹೊರಗೆ ಬರಕೂಡದು. ಗುಳ್ಳೆ ನಿಂತ ಮೇಲೆ ಅಂಚಿನವರೆಗೆ ತುಂಬಿ ಕ್ಯಾಪ್ ತಿರುಗಿಸಿದರೆ ಹೆಚ್ಚಿನ ಎಣ್ಣೆ ಹೊರಬರುತ್ತದೆ, ಒರೆಸಿ ಬಿಗಿಯುವುದು. ಕಿವಿಯ ಹತ್ತಿರ ಹಿಡಿದು ರಾಡ್ ಒತ್ತಿ ನೋಡಿ. ಪಿಚಕ್ ಎಂದು ಸದ್ದಾದರೆ ಒಳಗೆ ಗಾಳಿಯಿದೆ, ಮತ್ತೆ ಬಿಚ್ಚಬೇಕು. ಎಡ ಬಲ ಎರಡೂ ಶಾಕ್ ಒಂದೇ ವೇಗದಲ್ಲಿ ಹಿಂದಕ್ಕೆ ಬರುವವರೆಗೆ ನಾನು ಬಿಡುವುದಿಲ್ಲ.

ಇಲ್ಲಿ ಪಿಸ್ಟನ್ ರಂಧ್ರದ, ಅಂದರೆ ಎಣ್ಣೆ ಹಾಯುವ ತೂತಿನ, ಮಾತು ಹೇಳಲೇಬೇಕು. ಸಣ್ಣ ರಂಧ್ರ, ತೆಳು ಎಣ್ಣೆ ಇಟ್ಟರೆ ನಿಧಾನ ಚಲನೆಯಲ್ಲಿ ಮೃದು, ಜೋರು ಪೆಟ್ಟಿಗೆ ಎಣ್ಣೆ ನುಸುಳಲಾಗದೆ ಶಾಕ್ ಬಿಗಿಯುತ್ತದೆ. ಎತ್ತರದ ಜಂಪ್ ಇರುವಲ್ಲಿ ಅದು ಬೇಕು. ದೊಡ್ಡ ರಂಧ್ರ, ಮಂದ ಎಣ್ಣೆ ಇಟ್ಟರೆ ಗುಂಡಿ ಗೊಟರಿನ ಮೇಲೆ ಚಕ್ರ ನೆಲ ಬಿಡುವುದಿಲ್ಲ. ನಮ್ಮ ನೆಲದಲ್ಲಿ ಲಾರಿ ಓಡಾಡಿದ ಗುರುತುಗಳೇ ಹೆಚ್ಚು, ಆದ್ದರಿಂದ ಎರಡನೆಯದನ್ನೇ ಆರಿಸಿಕೊಂಡೆ: ಮುಂದೆ 450, ಹಿಂದೆ 400.

ಸ್ಪ್ರಿಂಗಿನ ಮೇಲಿನ ಸ್ಪೇಸರ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಗಟ್ಟಿಯಾಗುವುದಿಲ್ಲ, ಗಾಡಿಯ ಎತ್ತರ ಏರುತ್ತದೆ ಅಷ್ಟೇ. ಗಟ್ಟಿ ಬೇಕಿದ್ದರೆ ಬೇರೆ ಸ್ಪ್ರಿಂಗನ್ನೇ ಹಾಕಬೇಕು. ಬ್ಯಾಟರಿ ಹಾಕಿದ ಟ್ರಕ್ಕನ್ನು ಮೊಣಕಾಲೆತ್ತರದಿಂದ ಬೀಳಿಸಿ ನೋಡುವುದು ನನ್ನ ಪರೀಕ್ಷೆ. ಚಾಸಿಸ್ ನೆಲವನ್ನು ಮೆಲ್ಲಗೆ ತಾಗಿ, ಪುಟಿಯದೆ ಒಂದೇ ಸಲಕ್ಕೆ ತನ್ನ ಎತ್ತರಕ್ಕೆ ಬಂದು ನಿಲ್ಲಬೇಕು. ಜೋರಾಗಿ ಬಡಿದರೆ ಎಣ್ಣೆ ತೆಳುವಾಯಿತು, ನೆಲ ತಾಗದೆ ಚಿಮ್ಮಿದರೆ ಸ್ಪ್ರಿಂಗ್ ಬಿಗಿಯಾಯಿತು.

ಏಪ್ರಿಲ್ ಬಿಸಿಲಿಗೆ ಶಾಕ್ ಎಣ್ಣೆಯನ್ನು 50 ಸೆಂಟಿಸ್ಟೋಕ್ ಏರಿಸುತ್ತೇನೆ, ಡಿಸೆಂಬರಿನ ಬೆಳಗಿಗೆ ಇಳಿಸುತ್ತೇನೆ. ಈ ಟ್ರಕ್ಕಿನಲ್ಲಿ ನಡುವೆ ಇರುವುದು ಸ್ಲಿಪ್ಪರ್ ಕ್ಲಚ್ (ಜೋರು ಒತ್ತಡ ಬಿದ್ದಾಗ ಜಾರಿ ಗಿಯರ್ ಉಳಿಸುವ ಭಾಗ), ಅದರ ಜಾಗಕ್ಕೆ ಮುಂದಿನ ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಸೆಂಟರ್ ಡಿಫ್ ಹಾಕಲು ಬರುತ್ತದೆ. ನನ್ನ ಮುಂದಿನ ಕೆಲಸ ಅದೇ. ಅದು ಕೂತ ಮೇಲೆ ಮುಂದಿನ ಡಿಫ್‌ನ 20,000ವನ್ನು ಮತ್ತೆ ಇಳಿಸಬೇಕಾಗಿ ಬರಬಹುದು.