ಐಬಿಯೋ, ಆ ದೇಶದ ಪರೀಕ್ಷೆಯೋ: ಹೊಸದಾಗಿ ಬಂದ ತಂದೆತಾಯಿಗಳಿಗೆ

ಮಕ್ಕಳಿಗೆ ಹದಿನಾಲ್ಕು ತುಂಬುತ್ತಿದ್ದಂತೆ ಹೊರದೇಶದ ಕನ್ನಡ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. ಐಬಿಗೆ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಹಲವು ದೇಶಗಳ ಶಾಲೆಗಳಲ್ಲಿ ಒಂದೇ ಬಗೆಯಲ್ಲಿ ನಡೆಯುವ ಪಠ್ಯಕ್ರಮ) ಸೇರಿಸುವುದೋ, ಇಲ್ಲಿನ ಮಕ್ಕಳು ಬರೆಯುವ ಪರೀಕ್ಷೆಯನ್ನೇ ಬರೆಸುವುದೋ? ಯಾವುದು ದೊಡ್ಡದು ಎಂದು ಹುಡುಕಬೇಡಿ. ಮಗು ಯಾವ ಭಾಷೆಯಲ್ಲಿ ಇತಿಹಾಸದ ಪ್ರಬಂಧ ಬರೆಯಬಲ್ಲದು, ಮುಂದೆ ಯಾವ ದೇಶದಲ್ಲಿ ಓದಬಹುದು, ಇವೆರಡನ್ನು ಮೊದಲು ನೋಡಿ.

ಹೆಚ್ಚಿನವರು ಎಡವುವುದು ಭಾಷೆಯಲ್ಲಿ. ಗೆಳೆಯರ ಜೊತೆ ಪಟಪಟ ಮಾತಾಡುವುದನ್ನು ಕಂಡು ಭಾಷೆ ಬಂತು ಎಂದುಕೊಳ್ಳುತ್ತೇವೆ. ಆಡುಮಾತು ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ ಹಿಡಿತಕ್ಕೆ ಬರಲು ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬೇಕು. ಎಂಟೊಂಬತ್ತರ ವಯಸ್ಸಿಗೆ ಬಂದ ಮಗುವಿಗೆ ಆ ದೇಶದ ಪರೀಕ್ಷೆಯೇ ಸಹಜ ದಾರಿ. ಹದಿನೈದಕ್ಕೆ ಬಂದವರ ಪಾಡು ಬೇರೆ. ಜರ್ಮನಿಯ ಶಾಲಾಂತ್ಯದ ಪರೀಕ್ಷೆಯಾದ ಅಬಿಟೂರ್‌ನಲ್ಲಿ ಒಟ್ಟು 900 ಅಂಕಗಳಲ್ಲಿ 600ರವರೆಗೆ ಕೊನೆಯ ಎರಡು ವರ್ಷಗಳ ತರಗತಿಯಿಂದಲೇ ಬರುತ್ತವೆ, ತರಗತಿಯಲ್ಲಿ ಬಾಯಿಬಿಟ್ಟು ಮಾತಾಡುವುದೂ ಲೆಕ್ಕಕ್ಕಿದೆ. ಫ್ರಾನ್ಸಿನ ಅಂಥದೇ ಪರೀಕ್ಷೆಯಾದ ಬಾಕಲೊರಿಯಾದಲ್ಲಿ ವರ್ಷವಿಡೀ ನಡೆಯುವ ಮೌಲ್ಯಮಾಪನಕ್ಕೆ ಶೇ. 40 ಪಾಲು. ಕೊನೆಯ ಮೂರು ತಿಂಗಳು ಹಗಲುರಾತ್ರಿ ಓದಿದರಾಯಿತು ಎಂಬ ಪಿಯುಸಿ ಅಭ್ಯಾಸ ಅಲ್ಲಿ ಕೈಹಿಡಿಯದು.

ಐಬಿ ಡಿಪ್ಲೊಮಾ ಎರಡು ವರ್ಷದ್ದು. ಆರು ವಿಷಯ, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್‌ನಲ್ಲಿ (ಹೆಚ್ಚು ಆಳದ ಮಟ್ಟ) ತಲಾ 240 ಗಂಟೆ ಪಾಠ, ಮೂರು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ತಲಾ 150 ಗಂಟೆ. ಪ್ರತಿ ವಿಷಯಕ್ಕೆ 7 ಅಂಕ, ಜೊತೆಗೆ ಥಿಯರಿ ಆಫ್ ನಾಲೆಡ್ಜ್ (ನಮಗೆ ತಿಳಿದದ್ದು ಹೇಗೆ ತಿಳಿಯಿತು ಎಂದು ವಿಚಾರಿಸುವ ಪಾಠ) ಮತ್ತು 4,000 ಪದ ಮೀರದ ದೀರ್ಘ ಪ್ರಬಂಧಕ್ಕೆ ಸೇರಿ 3, ಒಟ್ಟು 45. 24 ಬಂದರೆ ಪಾಸು ಎಂದು ಎಲ್ಲರೂ ಹೇಳುತ್ತಾರೆ, ಉಳಿದ ಷರತ್ತುಗಳನ್ನು ಯಾರೂ ಹೇಳುವುದಿಲ್ಲ. ಒಂದು ಅಂಕಪಟ್ಟಿ ನೋಡಿ: ಹೈಯರ್‌ನಲ್ಲಿ 5, 4, 2, ಸ್ಟ್ಯಾಂಡರ್ಡ್‌ನಲ್ಲಿ 6, 6, 6. ಒಟ್ಟು 29. ಆದರೂ ಡಿಪ್ಲೊಮಾ ಇಲ್ಲ, ಏಕೆಂದರೆ ಹೈಯರ್‌ನ ಮೂರರಲ್ಲಿ ಕನಿಷ್ಠ 12 ಬೇಕು, ಇಲ್ಲಿ ಬಂದಿರುವುದು 11. ಸಿಎಎಸ್ ಎಂಬ ಕಲೆ, ಆಟೋಟ, ಸಮಾಜಸೇವೆಯ ಚಟುವಟಿಕೆಗಳಿಗೆ ಅಂಕವಿಲ್ಲ, ಆದರೆ ಅದು ಪೂರ್ತಿಯಾಗದಿದ್ದರೆ 40 ಬಂದರೂ ಡಿಪ್ಲೊಮಾ ಕೊಡುವುದಿಲ್ಲ. ಮಗುವಿಗೆ ಕಷ್ಟವಾದ ವಿಷಯವನ್ನು ಮನೆಯವರ ಆಸೆಗಾಗಿ ಹೈಯರ್‌ಗೆ ತಳ್ಳಬೇಡಿ ಎಂದು ಅದಕ್ಕೇ ಹೇಳುವುದು.

ಗಣಿತದ ಆಯ್ಕೆಯಲ್ಲಿ ಇನ್ನೂ ಎಚ್ಚರ ಬೇಕು. ಐಬಿಯಲ್ಲಿ ಎರಡು ಗಣಿತಗಳಿವೆ: ಬೀಜಗಣಿತ, ಕಲನಶಾಸ್ತ್ರಕ್ಕೆ ಒತ್ತು ಕೊಡುವ ಅನಾಲಿಸಿಸ್ ಆ್ಯಂಡ್ ಅಪ್ರೋಚಸ್, ಸಂಖ್ಯಾಶಾಸ್ತ್ರ ಮತ್ತು ಬಳಕೆಯ ಗಣಿತಕ್ಕೆ ಒತ್ತು ಕೊಡುವ ಅಪ್ಲಿಕೇಷನ್ಸ್ ಆ್ಯಂಡ್ ಇಂಟರ್‌ಪ್ರಿಟೇಷನ್. ಎರಡನೆಯದನ್ನು ಸ್ಟ್ಯಾಂಡರ್ಡ್‌ನಲ್ಲಿ ತೆಗೆದುಕೊಂಡರೆ ಎಂಜಿನಿಯರಿಂಗ್‌ನ ಎಷ್ಟೋ ಬಾಗಿಲು ಹದಿನಾರಕ್ಕೇ ಮುಚ್ಚಿಹೋಗುತ್ತವೆ. ಎಂಜಿನಿಯರಿಂಗ್, ಭೌತಶಾಸ್ತ್ರದ ಆಸೆ ಚೂರಾದರೂ ಇದ್ದರೆ ಮೊದಲನೆಯದು, ಸಾಧ್ಯವಾದರೆ ಹೈಯರ್‌ನಲ್ಲಿ.

ಭಾರತಕ್ಕೆ ಮರಳಿ ವೈದ್ಯಕೀಯ ಓದಿಸುವ ಯೋಚನೆಯಿದ್ದರೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಐಬಿಯ ಮಾಮೂಲಿ ಚೌಕಟ್ಟಿನಲ್ಲಿ ಇವುಗಳಲ್ಲಿ ಎರಡಕ್ಕಷ್ಟೇ ಜಾಗ. ಮೂರನೆಯದಕ್ಕೆ ನಾನ್-ರೆಗ್ಯುಲರ್ ಡಿಪ್ಲೊಮಾ ಎಂಬ ವಿಶೇಷ ಅನುಮತಿಯನ್ನು ಶಾಲೆಯ ಐಬಿ ಸಂಯೋಜಕರ ಮೂಲಕ ಮೊದಲೇ ಕೇಳಬೇಕು. ಎರಡನೇ ವರ್ಷದಲ್ಲಿ ನೆನಪಾದರೆ ತಡವಾಯಿತು.

ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’ ಎಂದಿದ್ದ ಮಾತ್ರಕ್ಕೆ ಐಬಿ ಅಲ್ಲ. ಕೆಲವು ಶಾಲೆಗಳಿಗೆ ಚಿಕ್ಕ ತರಗತಿಗಳಿಗಷ್ಟೇ ಐಬಿ ಮಾನ್ಯತೆ ಇರುತ್ತದೆ, ಕೆಲವು ಮಾನ್ಯತೆಗೆ ಕಾಯುವ ‘ಕ್ಯಾಂಡಿಡೇಟ್’ ಹಂತದಲ್ಲೇ ಇನ್ನೂ ಇರುತ್ತವೆ. ಇನ್ನು ಕೆಲವು ಕೊಡುವುದು ಅಮೆರಿಕನ್ ಹೈಸ್ಕೂಲ್ ಡಿಪ್ಲೊಮಾ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜು ಮಟ್ಟದ ವಿಷಯವಾರು) ಪರೀಕ್ಷೆಗಳಿಲ್ಲದೆ ಅದೊಂದನ್ನೇ ಹಿಡಿದು ಹೋದರೆ ನೆದರ್‌ಲೆಂಡ್ಸ್‌ನ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಕಾಗದಪತ್ರದ ಬಗ್ಗೆ ಇಷ್ಟೇ: ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ, ವಿಶ್ವವಿದ್ಯಾಲಯಕ್ಕೆ ಅಂಕಪಟ್ಟಿ ಕಳಿಸುವ ಕೋರಿಕೆಯನ್ನು ಅದಕ್ಕೆ ಮೊದಲೇ ಶಾಲೆಗೆ ಕೊಟ್ಟಿಡಿ.

ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಿಸುವ ಕೆಲಸವಾದರೆ ಐಬಿ ಒಳ್ಳೆಯದು, ಆದರೆ ಆ ಎರಡು ವರ್ಷದ ನಡುವೆ ಮಾತ್ರ ಕದಲಬೇಡಿ. ಇನ್ನೊಂದು ಶಾಲೆಯಲ್ಲಿ ಅವೇ ಆರು ವಿಷಯ, ಅವೇ ಮಟ್ಟ ಸಿಗುವುದು ಅಪರೂಪ. ಅಲ್ಲೇ ನೆಲೆಸುವವರಾದರೆ ಆ ದೇಶದ ಪರೀಕ್ಷೆ ಮಗುವಿಗೆ ಆ ನೆಲದ ಕವಿತೆ, ಕಾನೂನು, ಜಗಳ ಎಲ್ಲವನ್ನೂ ತನ್ನದಾಗಿಸಿ ಕೊಡುತ್ತದೆ. ಹಾಗೆ ಬೆಳೆದ ಮಕ್ಕಳು ಮನೆಯಲ್ಲಿ ಕನ್ನಡದ ಪ್ರಶ್ನೆಗೆ ಆ ದೇಶದ ಭಾಷೆಯಲ್ಲಿ ಉತ್ತರಿಸತೊಡಗುತ್ತಾರೆ. ಅದು ನೋಯಿಸುತ್ತದೆ, ಮತ್ತು ಆ ನೋವು ನಿಜವಾದದ್ದೇ.

ಐಬಿಯಲ್ಲಿ ಇದಕ್ಕೊಂದು ಸಣ್ಣ ಕಿಂಡಿಯಿದೆ. ಶಾಲೆಯಲ್ಲಿ ಕಲಿಸದ ತಾಯ್ನುಡಿಯ ಸಾಹಿತ್ಯವನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಸ್ವಯಂ ಅಧ್ಯಯನದ ಮೂಲಕ ತೆಗೆದುಕೊಳ್ಳಬಹುದು. ಇಂಗ್ಲಿಷ್ ಸಾಹಿತ್ಯದ ಜೊತೆ ಅದರಲ್ಲೂ 3 ಅಥವಾ ಹೆಚ್ಚು ಬಂದರೆ ದ್ವಿಭಾಷಾ ಡಿಪ್ಲೊಮಾ. ಕನ್ನಡಕ್ಕೆ ಅವಕಾಶವಿದೆಯೇ, ವಿಶೇಷ ಮನವಿ ಬೇಕೇ ಎಂದು ಮೊದಲ ವರ್ಷ ಶುರುವಾಗುವ ಮುಂಚೆಯೇ ಸಂಯೋಜಕರನ್ನು ಕೇಳಿ. ಕೇಳುವ ಮೊದಲು ಒಂದು ಸಣ್ಣಕತೆ ಕೊಟ್ಟು, ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಮಗುವಿಗೆ ಹೇಳಿ. ಕಾಗುಣಿತ ತಪ್ಪಿದರೂ ಹೇಳಬೇಕಾದದ್ದನ್ನು ಹೇಳಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಕತೆ ಓದಲೇ ತಡವರಿಸಿದರೆ ಹತ್ತನೆಯ ತರಗತಿಯ ಒಂದು ವರ್ಷ ದಿನಕ್ಕೆ ನಾಲ್ಕು ಪುಟ ಜೊತೆಗೆ ಕೂತು ಓದಿ.